ಒಂದೂ ಹುಳುಕಿಲ್ಲದ ನನ್ನ ಬಾಯಿಯ ಕಥೆ

ಹೋದ ವರ್ಷ ಡಿಸೆಂಬರ್ ಇರಬೇಕು. ಸಂಜೆ ಮುಂಬೈಯ ಸಿಎಸ್‌ಟಿ ಸ್ಟೇಷನ್ನಿಂದ ಡೊಂಬಿವಲಿ ಕಡೆ ಬರೋ ಫಾಸ್ಟ್ ಲೋಕಲ್, ದಾದರ್ ದಾಟಿದ ಮೇಲೆ ನಮ್ಮ ಟ್ರೇನ್ ಗ್ರೂಪಿನವರೊಬ್ರು ಪೇರಲಹಣ್ಣು ಹೆಚ್ಚಿ ಉಪ್ಪು ಖಾರ ಹಚ್ಚಿ ಹಂಚಿದ್ರು, ನಾನು ಅರ್ಧ ಹಣ್ಣೇ ತಗೊಂಡು ಕಚ್ಚಿದೆ, ಕಚ್ಚಿ ಕೈಯಲ್ಲಿ ಉಳಿದ ತುಂಡು ನೋಡ್ತೀನಿ, ಬಿಳಿ ತಿರುಳಿನ ಮೇಲೆ ಕೆಂಪು ಗೆರೆ. ಖಾರದಪುಡಿ ಇರಬೇಕು ಅಂದ್ಕೊಂಡು ಇನ್ನೊಂದು ಸಲ ಕಚ್ಚೋಕೆ ಹೋದೆ, ಎದುರು ಸೀಟಿನ ಮರಾಠಿ ಕಾಕಾ ‘ಅರೇ ಥಾಂಬ್, ರಕ್ತ ಆಹೇ ತೇ’ ಅಂದ್ರು. ಹಣ್ಣು ಪೇಪರಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಂಡು ಠಾಣೆ ಬರೋವರೆಗೂ ಬಾಯಿ ಮುಚ್ಕೊಂಡು ಕೂತೆ.

ಸುಳ್ಳು ಯಾಕೆ ಹೇಳ್ಲಿ, ಅದೇನು ಮೊದಲನೇ ರಕ್ತ ಅಲ್ಲ. ಬೆಳಿಗ್ಗೆ ಬ್ರಷ್ ಮಾಡಿ ಉಗುಳಿದ್ರೆ ಬೇಸಿನ್ ಗುಲಾಬಿ ಆಗೋದು ಎರಡು ವರ್ಷದಿಂದ ನಡೀತಾನೇ ಇತ್ತು. ನಾನು ಅದಕ್ಕೆ ಮಾಡಿದ ಉಪಾಯ ಏನಂದ್ರೆ, ರಕ್ತ ಬರೋ ಕಡೆ ಬ್ರಷ್ ಹಾಕೋದೇ ಬಿಟ್ಟೆ. ಗಾಯ ಇದ್ದ ಜಾಗ ಮುಟ್ಟಬಾರದು ಅಂತ ಲೆಕ್ಕ. ಎಡಗಡೆ ಕೆಳಗೆ, ಬಲಗಡೆ ಮೇಲೆ, ಎರಡೂ ಕಡೆ ಸುಮ್ನೆ ಮೇಲೆ ಮೇಲೆ ಒರೆಸಿ ಬಿಡೋದು. ಹೆಂಡತಿ ಎಷ್ಟು ಸಲ ಹೇಳಿದ್ಲೋ, ‘ರೀ, ಬಾಯಿ ವಾಸ್ನಿ ಬರಾಕತ್ತೇತಿ, ಹೇಳಿದ್ರ ಸಿಟ್ಟ್ ಮಾಡ್ಕೋತೀರಿ’ ಅಂತ. ಸಿಟ್ಟು ಮಾಡ್ಕೊಂಡೆ ಕೂಡ. ನನಗೆ ನನ್ನ ಹಲ್ಲಿನ ಬಗ್ಗೆ ಅಷ್ಟು ಸೊಕ್ಕಿತ್ತು.

ಆ ಸೊಕ್ಕಿಗೆ ಕಾರಣ ಹೇಳ್ಬೇಕು. ನಾನು ಹುಟ್ಟಿ ಬೆಳೆದಿದ್ದು ಗದಗ ಜಿಲ್ಲೆ ಮುಂಡರಗಿ ತಾಲೂಕಿನ ಒಂದು ಹಳ್ಳಿ. ಆ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಮ್ಮ ಕಡೆಯವರಿಗೆಲ್ಲ ಗೊತ್ತಿರೋ ವಿಷಯ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ನಮ್ಮಲ್ಲಿ ಎಷ್ಟೋ ಬೋರು ಅದನ್ನ ದಾಟಿದವು. ನನ್ನ ಸಾಲಿ ಫೋಟೋ ನೋಡಿದ್ರೆ ನಕ್ಕೋರ ಹಲ್ಲೆಲ್ಲ ಕಂದು ಪಟ್ಟೆ. ಬಾಂಬೆಗೆ ಬಂದ ಹೊಸದರಲ್ಲಿ ಎಲ್ಲರೂ ತಂಬಾಕು ತಿಂತೀಯಾ ಅಂತ ಕೇಳೋರು, ಇಲ್ಲಪ್ಪಾ ನೀರು ಅಂದ್ರೆ ನಂಬ್ತಿರಲಿಲ್ಲ. ಆದ್ರೆ ಅದೇ ಕಂದು ಹಲ್ಲಿಗೆ 46 ವರ್ಷದವರೆಗೂ ಒಂದೇ ಒಂದು ಹುಳುಕು ಹತ್ತಿಲ್ಲ. ಆಫೀಸಿನಲ್ಲಿ ರೂಟ್ ಕೆನಾಲ್ ಮಾಡಿಸ್ಕೊಂಡು ದವಡೆ ಹಿಡ್ಕೊಂಡು ಕೂರೋರನ್ನ ನೋಡಿ ಒಳಗೊಳಗೇ ನಗ್ತಿದ್ದೆ. ಹುಳುಕಿಲ್ಲ ಅಂದ್ರೆ ಹಲ್ಲು ಗಟ್ಟಿ, ಹಲ್ಲು ಗಟ್ಟಿ ಅಂದ್ರೆ ಮುಗೀತಲ್ಲ.

ಪೇರಲಹಣ್ಣಿನ ಮಾರನೇ ವಾರ ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಒಳ್ಳೆ ಎಸಿ, ಸೋಫಾ, ಟೀವಿ. ಐದು ನಿಮಿಷ ನೋಡಿ ‘ಮೂರು ಹಲ್ಲು ಅಲ್ಲಾಡ್ತಿವೆ, ತೆಗೆದು ಇಂಪ್ಲಾಂಟ್ ಹಾಕೋಣ, ಇಎಂಐ ಇದೆ’ ಅಂದ್ರು. ಯಾಕೆ ಅಲ್ಲಾಡ್ತಿವೆ, ಉಳಿದವು ಹೇಗಿವೆ, ಅದೇನೂ ಇಲ್ಲ. ಕಾಗದದ ಮೇಲೆ ಬರೆದುಕೊಟ್ಟ ಮೊತ್ತ ನೋಡಿ ನನಗೆ ಅಲ್ಲಾಡದೇ ಇದ್ದ ಹಲ್ಲೂ ಅಲ್ಲಾಡಿದ ಹಾಗಾಯ್ತು.

ನನ್ನ ಆಫೀಸು ಫೋರ್ಟಲ್ಲಿ. ದಿನಾ ಇಳಿಯೋ ಸಿಎಸ್‌ಟಿ ಪಕ್ಕದಲ್ಲೇ, ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ, ಇಪ್ಪತ್ತು ವರ್ಷ ಅದರ ಮುಂದೇ ಓಡಾಡಿದ್ದೀನಿ, ಒಳಗೆ ಕಾಲಿಟ್ಟಿರಲಿಲ್ಲ. (ವೆಸ್ಟರ್ನ್ ಲೈನಿನವರಿಗೆ ಮುಂಬೈ ಸೆಂಟ್ರಲ್ ಹತ್ರ ನಾಯರ್ ಡೆಂಟಲ್ ಕಾಲೇಜು ಅನುಕೂಲ, ಅದು ಮುನ್ಸಿಪಾಲ್ಟಿದು.) ನಮ್ಮ ಪ್ಯೂನ್ ಹೇಳಿದ, ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ ಸರ್, ದುಡ್ಡು ಕಡಿಮೆ, ಕೆಲಸ ನಿಧಾನ, ಆದ್ರೆ ಹುಡುಗರು ಮನಸ್ಸಿಟ್ಟು ಮಾಡ್ತಾರೆ ಅಂತ. ಕಾಲೇಜು ಅಲ್ವಾ, ಮಾಡೋದು ವಿದ್ಯಾರ್ಥಿಗಳು, ಪಕ್ಕದಲ್ಲಿ ಸರ್ ನಿಂತು ನೋಡ್ತಾರೆ. ನನ್ನ ಕೇಸ್ ಪೇಪರ್ ವಸಡಿನ ವಿಭಾಗಕ್ಕೆ ಹೋಯ್ತು, ಪೆರಿಯೋ ಅಂತಾರೆ ಅಲ್ಲಿ.

ಕುರ್ಚಿಲಿ ಕೂತಾಗ ಹೆಂಡತಿ ಫೋನ್ ಬಂತು, ಎರಡು ಮಾತು ಕನ್ನಡದಲ್ಲಿ ಆಡಿ ಇಟ್ಟೆ. ಮಾಸ್ಕ್ ಹಾಕ್ಕೊಂಡಿದ್ದ ಡಾಕ್ಟರ್ ಹುಡುಗಿ ‘ಕಾಕಾ, ನೀವು ಕನ್ನಡದವ್ರಾ?’ ಅಂದ್ಲು. ಅವಳು ಅಕ್ಕಲಕೋಟದವಳು. ಮರಾಠಿ ಸಾಲಿ, ಮನೆಯಲ್ಲಿ ಕನ್ನಡ. ಅದೊಂದು ಸಣ್ಣ ವಿಷಯ ಅನ್ನಿಸಬಹುದು, ಆದ್ರೆ ಬಾಯಿ ತೆರೆದು ಮಲಗಿದ ಮನುಷ್ಯನಿಗೆ ತನ್ನ ಭಾಷೆಲಿ ಯಾರಾದ್ರೂ ಮಾತಾಡಿದ್ರೆ ಎಷ್ಟು ಧೈರ್ಯ ಬರುತ್ತೆ ಅಂತ ಮಲಗಿದವನಿಗೇ ಗೊತ್ತು.

ಮೊದಲು ಅಳತೆ. ಸಣ್ಣ ಮೊಂಡು ತುದಿಯ ಕಡ್ಡಿ, ಅದರ ಮೇಲೆ ಮಿಲಿಮೀಟರ್ ಗೆರೆ. ಹಲ್ಲಿಗೂ ವಸಡಿಗೂ ನಡುವೆ ಒಂದು ಸಂದು ಇರುತ್ತಲ್ಲ, ಅದರೊಳಗೆ ಮೆಲ್ಲಗೆ ಇಳಿಸಿ ಎಷ್ಟು ಆಳ ಅಂತ ನೋಡೋದು, ಒಂದೊಂದು ಹಲ್ಲಿಗೆ ಆರು ಕಡೆ. ಅವಳು ಹೇಳೋದು, ಪಕ್ಕದಲ್ಲಿ ಇನ್ನೊಬ್ಬ ಬರ್ಕೊಳ್ಳೋದು, ‘ದೋನ್ ತೀನ್ ದೋನ್, ತೀನ್ ತೀನ್ ಚಾರ್’. ಮೂರರವರೆಗೆ ಓಕೆ, ನಾಲ್ಕಾದ್ರೆ ಎಚ್ಚರ, ಐದು ಆರು ಅಂದ್ರೆ ವಸಡು ಹಲ್ಲಿನ ಬೇರಿಂದ ಬಿಟ್ಟುಕೊಂಡು ಒಳಗೆ ಜೇಬು ಆಗಿದೆ ಅಂತ ಲೆಕ್ಕ. ನಾನು ಬ್ರಷ್ ಹಾಕದೇ ಬಿಟ್ಟ ಎಡಗಡೆ ಕೆಳಗೆ ಬಂದಾಗ ‘ಪಾಚ್ ಸಹಾ ಸಾತ್’, ಐದು ಆರು ಏಳು. ಬಲಗಡೆ ಮೇಲಿನ ದವಡೆ ಹಲ್ಲಿಗೂ ಏಳು. ನನ್ನ ತಲೆ ಮೇಲೆ ಹರಾಜು ಕೂಗಿದ ಹಾಗಿತ್ತು, ರೇಟು ಏರ್ತಾನೇ ಇತ್ತು.

ಆಮೇಲೆ ಎಕ್ಸ್‌ರೇ, ಇಡೀ ದವಡೆ ಒಂದೇ ಫಿಲ್ಮಲ್ಲಿ. ಲೈಟಿಗೆ ಹಿಡಿದು ತೋರಿಸಿದ್ಲು. ಹಲ್ಲೆಲ್ಲ ಬೆಳ್ಳಗೆ ಪೂರ್ತಿ ಇವೆ, ಒಂದು ತೂತಿಲ್ಲ. ಆದ್ರೆ ಹಲ್ಲುಗಳ ನಡುವೆ ಮೇಲಕ್ಕೆ ತುಂಬಿರಬೇಕಾದ ಮೂಳೆ ಕೆಲವು ಕಡೆ ಬೇರಿನ ಅರ್ಧಕ್ಕೆ ಇಳಿದಿದೆ. ‘ಕಾಕಾ, ಗಿಡ ಚೊಲೋ ಅದ, ಬುಡದ ಮಣ್ಣು ಹೋಗ್ಯದ’ ಅಂದ್ಲು. ಹೋದ ಮಣ್ಣು ವಾಪಸ್ ಬರುತ್ತಾ ಅಂದೆ. ಬರಲ್ಲ, ಹೆಚ್ಚುಕಡಿಮೆ ಬರಲ್ಲ, ಇದ್ದದ್ದು ಉಳಿಸ್ಕೊಳ್ಳೋದು ಅಷ್ಟೇ ಅಂದ್ಲು.

ಇದರ ಹಿಂದಿನ ಸಂಗತಿ ಅವಳು ಹೇಳಿದ್ದನ್ನ ನನಗೆ ತಿಳಿದ ಹಾಗೆ ಬರೀತೀನಿ. ಹಲ್ಲಿನ ಮೇಲೆ ಪಾಚಿ ಥರ ಒಂದು ಜಿಗುಟು ಪದರ ದಿನಾ ಕಟ್ಟುತ್ತೆ, ಅದೆಲ್ಲ ಬ್ಯಾಕ್ಟೀರಿಯಾ. ಅದೇ ಪಾಚಿ ಎರಡು ಬೇರೆ ಬೇರೆ ಕೆಡುಕು ಮಾಡುತ್ತೆ. ಸಕ್ಕರೆ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಆಸಿಡ್ ಮಾಡಿ ಹಲ್ಲು ಕರಗಿಸ್ತಾವೆ, ಅದು ಹುಳುಕು, ಮರಾಠಿಲಿ ಕೀಡ್. ಹುಳ ಗಿಳ ಏನೂ ಇರಲ್ಲ. ಇನ್ನೊಂದು, ವಸಡಿನ ಅಂಚಲ್ಲಿ ಪಾಚಿ ಕೂತ್ರೆ ವಸಡು ಊದಿಕೊಂಡು ರಕ್ತ ಬರುತ್ತೆ, ಇಷ್ಟರಲ್ಲೇ ಸ್ವಚ್ಛ ಮಾಡಿದ್ರೆ ಪೂರ್ತಿ ವಾಸಿ. ಬಿಟ್ರೆ ಎಂಜಲಿನ ಸುಣ್ಣ ಸೇರಿ ಪಾಚಿ ಕಲ್ಲಾಗುತ್ತೆ, ವಸಡಿನ ಕೆಳಗೆ ಇಳಿಯುತ್ತೆ, ಆಮೇಲೆ ಮೂಳೆ ಹೋಗೋಕೆ ಶುರು. ನೋವು? ಇರಲ್ಲ. ಅದೇ ಮೋಸ. ನಮ್ಮೂರ ನೀರು ನನ್ನನ್ನ ಮೊದಲನೇದರಿಂದ ಒಂದಷ್ಟು ಕಾಪಾಡಿತ್ತು, ಎರಡನೇದಕ್ಕೆ ಅದರಿಂದ ಏನೂ ಉಪಯೋಗ ಇಲ್ಲ. ನಾನು ಎರಡನ್ನೂ ಒಂದೇ ಅಂದ್ಕೊಂಡಿದ್ದೆ.

ಅಲ್ಲಿನ ಸರ್ ಒಬ್ರು ಹುಡುಗರಿಗೆ ಪಾಠ ಹೇಳ್ತಾ ನನ್ನ ಬಾಯಿ ಮುಂದೇನೇ ಒಂದು ಪ್ರಯೋಗದ ವಿಷಯ ಹೇಳಿದ್ರು. 1965ರಲ್ಲಿ ಹರಾಲ್ಡ್ ಲೋ ಅನ್ನೋರು ಡೆನ್ಮಾರ್ಕಲ್ಲಿ, ವಸಡು ಚೆನ್ನಾಗಿದ್ದ 12 ಜನಕ್ಕೆ ಹಲ್ಲುಜ್ಜಬೇಡಿ ಅಂತ ಹೇಳಿ ಬಿಟ್ರಂತೆ. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿಕೊಂಡ್ತು. ಮತ್ತೆ ಉಜ್ಜೋಕೆ ಹಚ್ಚಿದ್ರು, ವಾರ ಹತ್ತು ದಿನದಲ್ಲಿ ಮೊದಲಿನ ಹಾಗಾಯ್ತು. ನಾನು ಮಲಗಿದಲ್ಲೇ ಲೆಕ್ಕ ಹಾಕಿದೆ, ಅವರು ಮೂರು ವಾರ ಬಿಟ್ಟಿದ್ದು, ನಾನು ಎರಡು ವರ್ಷ. ರಕ್ತ ಬಂದ ಜಾಗ ಬಿಡಬಾರದಿತ್ತು, ಅಲ್ಲೇ ಇನ್ನೂ ಚೆನ್ನಾಗಿ ಉಜ್ಜಬೇಕಿತ್ತು. ಇದನ್ನ ನನಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ರೂ ಹುಳುಕಿಲ್ಲದ ಬಾಯಿಯ ಸೊಕ್ಕಲ್ಲಿ ಕೇಳಿಸ್ಕೊಂಡಿರಲಿಲ್ಲ.

‘ಮನ್ಯಾಗ ಯಾರಿಗರೆ ಶುಗರ್ ಅದ ಏನ್ರಿ?’ ಅಂತ ಕೇಳಿದ್ಲು ಡಾಕ್ಟರ್ ಹುಡುಗಿ. ಅಪ್ಪನಿಗೆ ಇತ್ತು ಅಂದೆ. ರಕ್ತ ಟೆಸ್ಟ್ ಬರೆದುಕೊಟ್ಲು, ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ. 8.4 ಬಂತು. ಹಲ್ಲು ತೋರಿಸೋಕೆ ಹೋಗಿ ಶುಗರ್ ಹೊತ್ಕೊಂಡು ಬಂದೆ. ಶುಗರ್ ಇದ್ರೆ ವಸಡು ಬೇಗ ಕೆಡುತ್ತೆ, ವಸಡು ಕೆಟ್ಟು ಒಳಗೆ ಉರಿಯೂತ ಇದ್ರೆ ಶುಗರ್ ಹತೋಟಿಗೆ ಬರೋದು ಕಷ್ಟ ಆಗುತ್ತೆ, ಒಂದಕ್ಕೊಂದು ಕೈ ಹಿಡ್ಕೊಂಡಿರ್ತಾವೆ. ಮನೇಲಿ ಅವತ್ತು ಯಾರೂ ಜಾಸ್ತಿ ಮಾತಾಡಲಿಲ್ಲ. ಮಾತ್ರೆ ಶುರುವಾಯ್ತು.

ಇನ್ನು ಕ್ಲೀನಿಂಗ್. ಊರಿಗೆ ಫೋನ್ ಮಾಡಿ ಅವ್ವಗೆ ಹೇಳಿದ್ದೇ ತಪ್ಪಾಯ್ತು. ‘ಹಲ್ಲ ತೊಳಸ್ಬ್ಯಾಡೋ ತಮ್ಮಾ, ತೊಳಿಸಿದ್ರ ಸಡ್ಲ ಆಕ್ಕಾವು, ನಿಮ್ಮ ಕಾಕಾಂದೂ ಹಂಗ ಆತು’ ಅಂತ ಶುರು ಮಾಡಿದ್ಲು. ಅವ್ವ ಚಿಕ್ಕಂದಿನಲ್ಲಿ ಕುಳ್ಳಿನ ಬೂದಿಲಿ ತಿಕ್ಕಿದವಳು, ಆಮೇಲೆ ನಲವತ್ತು ವರ್ಷ ಮಿಶ್ರಿ, ಅಂದ್ರೆ ತಂಬಾಕು ಹುರಿದು ಕರಿ ಮಾಡಿ ಪುಡಿ ಮಾಡಿದ್ದು, ಬೆರಳಲ್ಲಿ ಹಚ್ಚಿಕೊಂಡು ಅರ್ಧ ಗಂಟೆ ಕಟ್ಟೆ ಮೇಲೆ ಕೂರೋದು. ಈಗ ಬಾಯಲ್ಲಿ ನಾಲ್ಕೇ ಹಲ್ಲು. ಅದನ್ನ ಹೇಳಿದ್ರೆ ‘ಅದು ವಯಸ್ಸಿಗೆ ಬಿದ್ದಾವು’ ಅಂತಾಳೆ. ಸಡಿಲ ಆಗೋ ಮಾತು ಡಾಕ್ಟರ್ ಹುಡುಗಿಗೆ ಕೇಳಿದೆ. ಅವಳು ನಕ್ಕಳು, ಕಲ್ಲು ಸಂದಿಯಲ್ಲಿ ತುಂಬ್ಕೊಂಡು ಹಲ್ಲನ್ನ ಹಿಡಿದ ಹಾಗೆ ಕಾಣ್ತಿರುತ್ತೆ, ತೆಗೆದ ಮೇಲೆ ಖಾಲಿ ಜಾಗ ನಾಲಿಗೆಗೆ ಸಿಗುತ್ತೆ, ಊತ ಇಳಿದು ವಸಡು ಸ್ವಲ್ಪ ಕೆಳಗೆ ಕಾಣುತ್ತೆ, ಸಡಿಲ ಮಾಡಿದ್ದು ಮಶೀನಲ್ಲ, ಒಳಗೆ ಹೋದ ಮೂಳೆ.

ಮೊದಲ ದಿನ ಮಶೀನಲ್ಲಿ ಮೇಲಿನ ಕಲ್ಲು. ತುದಿ ಸೆಕೆಂಡಿಗೆ 25 ಸಾವಿರ ಸಲಕ್ಕೂ ಹೆಚ್ಚು ಅದುರುತ್ತಂತೆ, ಕಿವಿಯೊಳಗೆ ಕುಂಯ್ ಅಂತ ಶಬ್ದ, ನೀರು ಗಂಟಲಿಗೆ ಹರಿಯೋದು, ಪೈಪು ಅದನ್ನ ಎಳೆಯೋದು. ಜುಂ ಅನ್ನಿಸುತ್ತೆ, ನೋವಲ್ಲ. ಕೆಳಗಿನ ಮುಂದಿನ ಹಲ್ಲಿನ ಹಿಂದೆ ಅತೀ ಹೆಚ್ಚು ಕಲ್ಲು ಇತ್ತು, ನಾಲಿಗೆ ಕೆಳಗೆ ಎಂಜಲಿನ ಗ್ರಂಥಿ ಬಾಯಿ ಬಿಡೋದು ಅಲ್ಲೇ, ಅದಕ್ಕೇ ಎಲ್ಲರಿಗೂ ಅಲ್ಲೇ ಕಟ್ಟೋದು.

ಅಸಲಿ ಕೆಲಸ ಆಮೇಲೆ. ಬಾಯಿಯನ್ನ ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಬೇರಿನ ಮೇಲೆ ಅಂಟಿದ್ದನ್ನ ಕೈಯಲ್ಲೇ ಕೆರೆಯೋದು. ತುದಿ ಬಾಗಿದ ಸಣ್ಣ ಸಣ್ಣ ಉಪಕರಣ, ಒಂದೊಂದು ಹಲ್ಲಿನ ಒಂದೊಂದು ಮಗ್ಗುಲಿಗೆ ಬೇರೆ ಬೇರೆ. ತೆಂಗಿನ ಚಿಪ್ಪು ಚಾಕುವಿನಿಂದ ಕೆರೆದ ಶಬ್ದ ತಲೆಬುರುಡೆಯೊಳಗೆ. ಹತ್ತಿ ಬಟ್ಟೆ ಮೇಲೆ ಅವಳು ತೆಗೆದಿಟ್ಟಿದ್ದು ನೋಡಿದೆ, ಸಾಸಿವೆ ಕಾಳಿನಷ್ಟು ಕರೀ ಚೂರುಗಳು. ಆ ನಾಲ್ಕು ಗುರುವಾರ ಮಧ್ಯಾಹ್ನ ಆಫೀಸಿಗೆ ವಾಪಸ್ ಹೋಗಿ ಅರ್ಧ ತುಟಿ ಜೋತು ಬಿಟ್ಕೊಂಡು ಮೀಟಿಂಗಲ್ಲಿ ಕೂತಿದ್ದೀನಿ, ನೀರು ಕುಡಿದ್ರೆ ಅಂಗಿ ಮೇಲೆ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಎರಡು ವಾರ ಕೊಟ್ರು, 10 ಎಂಎಲ್, ದಿನಕ್ಕೆ ಎರಡು ಸಲ, ಬ್ರಷ್ ಮಾಡಿ ಅರ್ಧ ಗಂಟೆ ಬಿಟ್ಟು. ಸಾರಿನ ರುಚಿ ಎಲ್ಲ ತಗಡು ತಗಡು. ಚೆನ್ನಾಗಿದೆ ಅಂತ ತಿಂಗಳುಗಟ್ಟಲೆ ಹಾಕಬೇಡಿ, ಹಲ್ಲು ಕಂದು ಆಗುತ್ತೆ ಅಂದ್ರು. ನನಗೆ ಆ ಭಯ ಇಲ್ಲ ಬಿಡಿ.

ನಾನು ಜಾಸ್ತಿ ಕಲಿತದ್ದು ಮಾತ್ರ ಕನ್ನಡಿ ಮುಂದೆ. ಒಂದಿನ ಬ್ರಷ್ ತಗೊಂಡು ಬರೋಕೆ ಹೇಳಿದ್ರು. ಗುಲಾಬಿ ಬಣ್ಣದ ದ್ರವ ಹಲ್ಲಿಗೆಲ್ಲ ಹಚ್ಚಿ ಉಗುಳು ಅಂದ್ರು, ಪಾಚಿ ಇರೋ ಕಡೆ ಬಣ್ಣ ಅಂಟ್ಕೊಳ್ಳುತ್ತೆ. ಅವತ್ತು ಬೆಳಿಗ್ಗೆ ನಾನು ಮೂರು ನಿಮಿಷ ಉಜ್ಜಿ, ಡಾಕ್ಟರ್ ಹತ್ರ ಹೋಗೋದು ಅಂತ ಇನ್ನೊಂದು ಸಲ ಉಜ್ಜಿ ಹೋಗಿದ್ದೆ. ಕನ್ನಡಿ ನೋಡಿದ್ರೆ ಹೋಳಿ ಆಡಿದ ಬಾಯಿ. ಹಲ್ಲಿನ ಹೊಟ್ಟೆ ಎಲ್ಲ ಸ್ವಚ್ಛ, ವಸಡಿನ ಅಂಚು ಪೂರ್ತಿ ಗುಲಾಬಿ, ಹಲ್ಲಿನ ನಡುವೆ ಗುಲಾಬಿ, ಒಳಮಗ್ಗುಲು ಗುಲಾಬಿ. ನಲವತ್ತು ವರ್ಷ ನಾನು ಉಜ್ಜಬೇಕಾದ ಜಾಗ ಬಿಟ್ಟು ಬೇರೆ ಎಲ್ಲಾ ಕಡೆ ಉಜ್ಜಿದ್ದೆ! ಅವಳು ಹೇಳಿಕೊಟ್ಟಿದ್ದು, ಮೆತ್ತನೆ ಬ್ರಷ್, ಎಳೆಗಳನ್ನ ವಸಡಿನ ಅಂಚಿಗೆ ಓರೆಯಾಗಿ 45 ಡಿಗ್ರಿ ಹಿಡಿದು, ಅಲ್ಲೇ ಸಣ್ಣಗೆ ಅಲುಗಿಸಿ, ಎರಡು ಹಲ್ಲು ಆದ ಮೇಲೆ ಮುಂದಿನ ಎರಡು. ಪಾತ್ರೆ ತಿಕ್ಕಿದ ಹಾಗೆ ಗಸಗಸ ಮಾಡೋದಲ್ಲ. ಹಲ್ಲಿನ ನಡುವಿನ ಸಂದಿಗೆ ಬಾಟಲಿ ತೊಳೆಯೋ ಬ್ರಷ್ಷಿನ ಮರಿ ಥರ ಸಣ್ಣ ಬ್ರಷ್ ಬರುತ್ತೆ, ಸಂದಿಗೆ ತಕ್ಕ ಸೈಜು ನೋಡಿ ಅವರೇ ಹೇಳಿದ್ರು, ನನಗೆ ಎರಡು ಸೈಜು ಬೇಕಾಯ್ತು. ಮೊದಲ ವಾರ ಅದಕ್ಕೂ ರಕ್ತ ಬಂತು. ಈ ಸಲ ಬಿಡಲಿಲ್ಲ. ಹತ್ತನೇ ದಿನಕ್ಕೋ ಏನೋ ನಿಂತು ಹೋಯ್ತು, ಬೇಸಿನ್ ಬೆಳ್ಳಗಿತ್ತು, ಹೆಂಡತಿನ ಕರೆದು ತೋರಿಸಿದೆ. ಉಗುಳಿದ್ದು ತೋರ್ಸಾಕ ಕರದೀರಿ ಅಂತ ಬೈದು ಹೋದ್ಲು.

ಟ್ರೇನಿನಲ್ಲಿ ಇದನ್ನೆಲ್ಲ ಹೇಳಿದಾಗ ಸಿಗರೇಟಿನ ಗೆಳೆಯನೊಬ್ಬ ‘ನನಗೆ ಒಂದು ಹನಿ ರಕ್ತ ಬರಲ್ಲಪ್ಪ’ ಅಂದ. ಅದನ್ನೂ ಕೇಳ್ಕೊಂಡು ಬಂದೆ. ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತೆ, ಅದಕ್ಕೇ ಸೇದೋರಿಗೆ ರಕ್ತ ಕಾಣಿಸೋದು ಕಡಿಮೆ, ಒಳಗೆ ರೋಗ ಇನ್ನೂ ಜೋರಾಗಿರುತ್ತಂತೆ. ಅವನಿಗೆ ಹೇಳಿದೆ, ಸಿಟ್ಟಾದ.

ಈಗ ಹೇಳೋಕೆ ಸ್ವಲ್ಪ ಕಷ್ಟ ಆಗೋ ಭಾಗ. ಮಗನಿಗೆ 11 ವರ್ಷ, ಡೊಂಬಿವಲಿಯಲ್ಲೇ ಹುಟ್ಟಿದವನು, ಬೆಳ್ಳಗಿನ ಹಲ್ಲು. ರಜೆ ದಿನ ಅವನನ್ನೂ ಕರ್ಕೊಂಡು ಹೋಗಿ ತೋರಿಸಿದೆ. ನಾಲ್ಕು ಹುಳುಕು, ಎರಡು ಶಾಶ್ವತ ಹಲ್ಲಲ್ಲಿ, ಆರು ವರ್ಷಕ್ಕೆ ಬರೋ ದೊಡ್ಡ ದವಡೆ ಹಲ್ಲಲ್ಲಿ. ಯಾವ ಪೇಸ್ಟ್ ಅಂದ್ರು. ನಮ್ಮ ಮನೇಲಿ ನಾನು ಮೊದಲಿಂದ ಫ್ಲೋರೈಡ್ ಇಲ್ಲದ ಹಲ್ಲುಪುಡಿನೇ ತರ್ತಿದ್ದೆ. ನಮ್ಮೂರಲ್ಲಿ ಫ್ಲೋರೈಡಿಂದ ಬೆನ್ನು ಬಾಗಿದವರನ್ನ, ಮಂಡಿ ಹಿಡಿದವರನ್ನ ಕಣ್ಣಾರೆ ನೋಡಿದವನು ನಾನು, ಆ ಹೆಸರು ಟ್ಯೂಬ್ ಮೇಲೆ ಕಂಡ್ರೆ ಅಂಗಡಿಯಲ್ಲೇ ವಾಪಸ್ ಇಡ್ತಿದ್ದೆ, ಮಗನಿಗೆ ನನ್ನ ಹಲ್ಲು ಬರಬಾರದು ಅಂತ.

ಡಾಕ್ಟರ್ ಹುಡುಗಿ ನನ್ನನ್ನ ಬೈಯಲಿಲ್ಲ. ನಿಮ್ಮೂರಲ್ಲಿ ಆದದ್ದು ವರ್ಷಗಟ್ಟಲೆ ನೀರಲ್ಲಿ ಹೊಟ್ಟೆಗೆ ಹೋದದ್ದು, ಹಲ್ಲಿನ ಪಟ್ಟೆ ಬರೋದು ಹಲ್ಲು ದವಡೆಯೊಳಗೆ ತಯಾರಾಗೋ ಎಂಟು ವರ್ಷದೊಳಗಿನ ವಯಸ್ಸಲ್ಲಿ. ಇಲ್ಲಿ ಡ್ಯಾಮಿನ ನೀರು, ಅದರಲ್ಲಿ ಅಷ್ಟು ಇರಲ್ಲ. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಮೇಲೆ ಕೆಲಸ ಮಾಡೋದು, ಆಸಿಡ್ಡಿಗೆ ಕರಗಿದ ಜಾಗಕ್ಕೆ ಸುಣ್ಣ ಮತ್ತೆ ಕೂರೋಕೆ ಸಹಾಯ ಮಾಡುತ್ತೆ, ನುಂಗಬಾರದು ಅಷ್ಟೇ. ಪುಟ್ಟ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರು ವರ್ಷದ ಮೇಲೆ ಬಟಾಣಿಯಷ್ಟು. ಟ್ಯೂಬ್ ಹಿಂದೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇದೆಯಾ ನೋಡ್ರಿ ಕಾಕಾ ಅಂದ್ಲು. ಉಗುಳಿದ ಮೇಲೆ ನೀರು ಹಾಕಿ ಮುಕ್ಕಳಿಸೋದೂ ಬೇಡ, ಪೇಸ್ಟಿನ ಲೇಪ ಸ್ವಲ್ಪ ಹಲ್ಲಿನ ಮೇಲೆ ಉಳೀಬೇಕು ಅಂದಾಗ ಹೆಂಡತಿ ಮುಖ ನೋಡಬೇಕಿತ್ತು, ಬಾಯಿ ತೊಳೆಯದೆ ಇರೋದು ನಮ್ಮ ಮನೇಲಿ ಇವತ್ತಿಗೂ ಜಗಳದ ವಿಷಯ.

ಮಗನ ಎರಡು ಹಲ್ಲಿಗೆ ಫಿಲ್ಲಿಂಗ್ ಆಯ್ತು, ಬೀಳೋ ಹಾಲುಹಲ್ಲು ಎರಡು ಹಾಗೇ ಕಾಯ್ತಿವೆ, ಇನ್ನುಳಿದ ದೊಡ್ಡ ಹಲ್ಲಿನ ಗೀರುಗಳಿಗೆ ಸೀಲಂಟ್ ಅಂತ ತೆಳ್ಳಗೆ ಪ್ಲಾಸ್ಟಿಕ್ ಥರದ್ದು ಸುರಿದು ಲೈಟ್ ಹಿಡಿದು ಗಟ್ಟಿ ಮಾಡಿದ್ರು, ಐದು ನಿಮಿಷದ ಕೆಲಸ, ಸೂಜಿ ಇಲ್ಲ. ಇದನ್ನ ಏಳನೇ ವರ್ಷಕ್ಕೇ ಮಾಡಿಸಿದ್ರೆ ಫಿಲ್ಲಿಂಗ್ ಬೇಕಾಗ್ತಿರಲಿಲ್ಲವೇನೋ. ಮತ್ತೆ ಬಿಸ್ಕಿಟ್. ಎಷ್ಟು ತಿಂದ ಅನ್ನೋದಕ್ಕಿಂತ ಎಷ್ಟು ಸಲ ತಿಂದ ಅನ್ನೋದು ಮುಖ್ಯ ಅಂತೆ. ಸಿಹಿ ಬಾಯಿಗೆ ಬಿದ್ದ ಪ್ರತಿ ಸಲ ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಲ್ಲಿನ ಮೇಲೆ ಆಸಿಡ್ ಇರುತ್ತೆ, ಪಿಎಚ್ (ಆಸಿಡ್ ಅಳೆಯೋ ಲೆಕ್ಕ, ಇಳಿದಷ್ಟೂ ಆಸಿಡ್ ಜಾಸ್ತಿ) 5.5ಕ್ಕಿಂತ ಕೆಳಗಿಳಿದ್ರೆ ಹಲ್ಲು ಕರಗೋಕೆ ಶುರು, ಆಮೇಲೆ ಎಂಜಲು ಬಂದು ಸರಿ ಮಾಡಬೇಕು. ಸರಿ ಮಾಡೋಕೆ ಟೈಮ್ ಕೊಡದೆ ಇನ್ನೊಂದು ಬಿಸ್ಕಿಟ್. ನನ್ನ ಆರು ಕಟಿಂಗ್ ಚಹಾನೂ ಅದೇ ಲೆಕ್ಕಕ್ಕೆ ಬಂತು. ಎರಡಕ್ಕೆ ಇಳಿಸಿದ್ದೀನಿ, ಸಕ್ಕರೆ ಇಲ್ಲದ್ದು, ರುಚಿ ಬಗ್ಗೆ ಕೇಳಬೇಡಿ. ರಾತ್ರಿ ಬ್ರಷ್ ಮಾಡಿದ ಮೇಲೆ ನೀರು ಬಿಟ್ಟು ಏನೂ ಇಲ್ಲ, ನಿದ್ದೆಯಲ್ಲಿ ಎಂಜಲು ಕಡಿಮೆ ಆಗೋದರಿಂದ ಕಾಯೋರು ಯಾರೂ ಇರಲ್ಲ ಅಂತ.

ಮೂರು ತಿಂಗಳ ಮೇಲೆ ಮತ್ತೆ ಅಳತೆ. ಹರಾಜು ಈ ಸಲ ಇಳೀತಾ ಬಂತು. ಎಡಗಡೆಯ ಏಳು ನಾಲ್ಕಾಗಿತ್ತು, ಹೆಚ್ಚಿನವು ಮೂರು. ಎರಡು ಹಲ್ಲಿನ ಅಲುಗಾಟ ಕಡಿಮೆ ಆಗಿತ್ತು, ಎಚ್‌ಬಿಎ1ಸಿ 7.2. ಬಲಗಡೆ ಮೇಲಿನ ದವಡೆ ಹಲ್ಲು ಮಾತ್ರ ಉಳೀಲಿಲ್ಲ, ಬೇರುಗಳು ಕವಲೊಡೆಯೋ ಜಾಗದಲ್ಲೇ ಮೂಳೆ ಹೋಗಿತ್ತು, ತೆಗೆಸಿದೆ. ಹಾಗಾಗಿ ಆ ಸೋಫಾ ಕ್ಲಿನಿಕ್ಕಿನವರು ಮೂರರಲ್ಲಿ ಒಂದು ಸರಿ ಹೇಳಿದ್ರು ಅಂತ ಒಪ್ಕೋಬೇಕು. ತೆಗೆದ ಹಲ್ಲು ಕೈಗೆ ಕೊಟ್ರು, ಒಂದು ಹುಳುಕಿಲ್ಲ, ಕಂದು ಪಟ್ಟೆ ಹಾಗೇ ಇದೆ, ಬೇರು ಪೂರ್ತಿ.

ಮೂರು ತಿಂಗಳಿಗೊಮ್ಮೆ ಬನ್ನಿ ಅಂದಿದ್ರು. ಆಗಸ್ಟ್ ತಾರೀಖಿನ ದಿನ ಮಳೆಗೆ ಟ್ರ್ಯಾಕಲ್ಲಿ ನೀರು ನಿಂತು ಟ್ರೇನೇ ಇರಲಿಲ್ಲ, ಮುಂದಿನ ವಾರ ಹೋದ್ರಾಯ್ತು ಅಂತ ಬಿಟ್ಟಿದ್ದು ಅಕ್ಟೋಬರ್ ಆಯ್ತು. ಕೆಳಗಿನ ಮುಂದಿನ ಹಲ್ಲಿನ ಹಿಂದೆ ಮತ್ತೆ ಕಲ್ಲು. ಹತ್ತು ನಿಮಿಷದಲ್ಲಿ ತೆಗೆದ್ಲು. ಅವಳದು ಇದೇ ಕೊನೇ ವರ್ಷ, ಮುಂದಿನ ಸಲ ಬೇರೆ ಯಾರೋ ನೋಡ್ತಾರಂತೆ. ‘ಕೇಸ್ ಪೇಪರ್ ಕಳೀಬ್ಯಾಡ್ರಿ ಕಾಕಾ, ನಿಮ್ಮ ನಂಬರೆಲ್ಲ ಅದರಾಗ ಅವ’ ಅಂದ್ಲು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೇ ಅದನ್ನೂ ಇಟ್ಟಿದ್ದೀನಿ, ಜನವರಿ ಎರಡನೇ ಗುರುವಾರದ ತಾರೀಖು ಮೇಲೆ ಬರೆದಿದೆ.